ಹಗೇವಿನಲ್ಲಿ ದ್ರಾಕ್ಷಿ: ಅಪ್ಪನ ಜೊತೆ ಜಾರ್ಜಿಯಾದಲ್ಲಿ ಆರು ದಿನ

ನಮ್ಮದು ದೊಡ್ಡಬಳ್ಳಾಪುರದ ಹತ್ತಿರ ಒಂದೂವರೆ ಎಕರೆ ದ್ರಾಕ್ಷಿ ತೋಟ. ಕಲ್ಲು ಕಂಬ, ತಂತಿ ಚಪ್ಪರ, ಬೆಂಗಳೂರು ಬ್ಲೂ ತಳಿ. ಅಪ್ಪ 38 ವರ್ಷದಿಂದ ಆ ಚಪ್ಪರದ ಕೆಳಗೆ ಕತ್ತೆತ್ತಿಕೊಂಡೇ ಕೆಲಸ ಮಾಡಿದ್ದಾರೆ. ಹಣ್ಣು ಮಾರ್ಕೆಟ್ಟಿಗೆ ಹೋಗುತ್ತದೆ, ಜ್ಯೂಸಿಗೆ ಹೋಗುತ್ತದೆ, ಪೋರ್ಟ್ ವೈನ್ ಮಾಡುವವರಿಗೂ ಹೋಗುತ್ತದೆ. ಆದರೆ ದ್ರಾಕ್ಷಿಯಿಂದ ಆದ ವೈನನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕಿರಲಿಲ್ಲ. ನಮ್ಮ ಕಡೆ ವೈನ್ಸ್ ಅಂದರೆ ಬ್ರಾಂದಿ ಅಂಗಡಿಯ ಬೋರ್ಡು, ಅಷ್ಟೇ.

ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ವೈನ್ ಕುಡಿಯಲು ಕಲಿತೆ. ಕಲಿತೆ ಅಂದರೆ ನಿಜವಾಗಿ ಕಲಿತೆ. ಯಾವ ಊರಿನದು, ಯಾವ ಹಣ್ಣು, ಯಾಕೆ ಈ ರುಚಿ ಅಂತ ಓದಿದೆ. ಓದಿದಷ್ಟೂ ಒಂದು ವಿಷಯ ಕೊರೆಯುತ್ತಿತ್ತು. ಇಷ್ಟು ಓದಿದ ನನಗಿಂತ ದ್ರಾಕ್ಷಿ ಬಗ್ಗೆ ಹತ್ತು ಪಟ್ಟು ಜಾಸ್ತಿ ಗೊತ್ತಿರುವ ಮನುಷ್ಯ ಮನೆಯಲ್ಲೇ ಇದ್ದಾರೆ, ಅವರಿಗೆ ಆ ಹಣ್ಣಿನ ಕೊನೆಯ ರೂಪ ಗೊತ್ತಿಲ್ಲ. ಹಾಗಾಗಿ ಹೋದ ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪನನ್ನು ಕಾಕಸಸ್ ಪರ್ವತದ ಕಡೆಯ ಜಾರ್ಜಿಯಾ ದೇಶಕ್ಕೆ ಕರೆದುಕೊಂಡು ಹೋದೆ. ಅಮ್ಮ ಬರಲಿಲ್ಲ. ಹಸು ನೋಡಿಕೊಳ್ಳೋರು ಯಾರು ಅಂದರು.

ಮೊದಲ ದಿನ: ಟಿಬಿಲಿಸಿ

ದುಬೈನಲ್ಲಿ ವಿಮಾನ ಬದಲಿಸಿ ರಾಜಧಾನಿ ಟಿಬಿಲಿಸಿಗೆ ಇಳಿದಾಗ ಬೆಳಗಿನ ಹೊತ್ತು. ನಮಗಿಂತ ಒಂದೂವರೆ ಗಂಟೆ ಹಿಂದೆ ಅಲ್ಲಿಯ ಗಡಿಯಾರ. ಹೊರಗೆ ಬಂದ ಕೂಡಲೇ ಅಪ್ಪ ಒಂದು ಬೋರ್ಡಿನ ಮುಂದೆ ನಿಂತುಬಿಟ್ಟರು. ಜಾರ್ಜಿಯನ್ ಅಕ್ಷರ ದುಂಡು ದುಂಡಾಗಿವೆ. ದೂರದಿಂದ ನೋಡಿದರೆ ಕನ್ನಡವೇ ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಓದಲು ಬರುವುದಿಲ್ಲ.

ಮಧ್ಯಾಹ್ನ ರೈಲ್ವೆ ಸ್ಟೇಷನ್ ಹತ್ತಿರದ ಡೆಸರ್ಟರ್ ಬಜಾರಿಗೆ ಹೋದೆವು. ಕೆ.ಆರ್. ಮಾರ್ಕೆಟ್ಟಿನ ಹಾಗೇ ಇದೆ, ಹೂವಿನ ಜಾಗದಲ್ಲಿ ಚೀಸು ಮತ್ತು ಉಪ್ಪಿನಕಾಯಿ. ಅಂಗಡಿಗಳ ಮುಂದೆ ಕಂದು ಬಣ್ಣದ ಮೇಣದಬತ್ತಿಯಂಥವು ಸಾಲಾಗಿ ನೇತಾಡುತ್ತಿದ್ದವು. ಅದು ಚುರ್ಚ್‌ಖೇಲಾ. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕುದಿಸಿ ಗಟ್ಟಿ ಮಾಡಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ಒಣಗಿಸುತ್ತಾರೆ. ಹಲ್ಲಿಗೆ ಅಂಟುವ ಹದ, ಸಿಹಿ ಜಾಸ್ತಿ ಇಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅಪ್ಪ ನನ್ನ ಕೈ ಹಿಡಿದರು. "ಇರಮ್ಮ, ವಾಸನೆ ಬರ್ತಿದೆ" ಅಂದರು. ಒಬ್ಬ ಅಜ್ಜಿಯ ಮುಂದೆ ಬುಟ್ಟಿಯಲ್ಲಿ ಕಪ್ಪು ದ್ರಾಕ್ಷಿ ಇತ್ತು. ಅಪ್ಪ ಒಂದು ಕಾಳು ಬಾಯಿಗೆ ಹಾಕಿ ಒತ್ತಿದರು. ಸಿಪ್ಪೆ ಬೇರೆ, ತಿರುಳು ಬೇರೆ ಆಗಿ ಜಾರಿತು. "ಇದು ನಮ್ಮ ಬ್ಲೂ ಕಣಮ್ಮ!"

ಅಜ್ಜಿ ಹೇಳಿದ ಹೆಸರು ಇಸಾಬೆಲ್ಲಾ. ಅಮೆರಿಕ ಮೂಲದ ತಳಿ, ನಮ್ಮ ಬೆಂಗಳೂರು ಬ್ಲೂ ಕೂಡ ಅದೇ ಬಳಗದ್ದು. ಜಾರ್ಜಿಯಾದ ಪಶ್ಚಿಮ ಭಾಗದಲ್ಲಿ ಮನೆ ಮುಂದೆ, ಮರದ ಮೇಲೆ ಇದನ್ನು ಹಬ್ಬಿಸುತ್ತಾರೆ. ವೈನ್ ಬಲ್ಲವರು ಇದರ ಘಮವನ್ನು ಅಷ್ಟಾಗಿ ಮೆಚ್ಚುವುದಿಲ್ಲ. ನನಗೆ ಮಾತ್ರ ಅದು ಬಾಲ್ಯದ ವಾಸನೆ. ಅಪ್ಪ ಒಂದು ಕೇಜಿ ತೆಗೆದುಕೊಂಡರು. ಚೌಕಾಸಿ ಮಾಡಲಿಲ್ಲ. ದ್ರಾಕ್ಷಿಗೆ ಅಪ್ಪ ಯಾವತ್ತೂ ಚೌಕಾಸಿ ಮಾಡುವುದಿಲ್ಲ.

ಸಂಜೆ ರುಸ್ತಾವೇಲಿ ರಸ್ತೆಯ ನ್ಯಾಷನಲ್ ಮ್ಯೂಸಿಯಂ. ಅಲ್ಲಿ ಹೊಸ ಶಿಲಾಯುಗದ ಒಂದು ಮಣ್ಣಿನ ಜಾಡಿ ಇದೆ. ಮೈಮೇಲೆ ಗೊಂಚಲಿನ ಹಾಗೆ ಉಬ್ಬು ಉಬ್ಬು. ಟಿಬಿಲಿಸಿಯಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಗದಾಚ್ರಿಲಿ ಗೋರಾ, ಶುಲಾವೇರಿಸ್ ಗೋರಾ ಎಂಬ ದಿಬ್ಬಗಳನ್ನು ಅಗೆದಾಗ ಇಂಥ ಮಡಕೆಗಳ ಚೂರು ಸಿಕ್ಕಿದ್ದವು. ಆ ಚೂರುಗಳಲ್ಲಿ ದ್ರಾಕ್ಷಿಯ ಹುಳಿ, ಅಂದರೆ ಟಾರ್ಟಾರಿಕ್ ಆಮ್ಲದ ಗುರುತು ಇದೆ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹತ್ತಿರ ಹತ್ತಿರ 8000 ವರ್ಷ ಹಿಂದಿನ ವೈನ್. ಇದಕ್ಕಿಂತ ಹಳೆಯ ದ್ರಾಕ್ಷಿ ವೈನಿನ ಗುರುತು ಆವರೆಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ನಾನು ಇದನ್ನೆಲ್ಲ ಹೇಳುತ್ತಿದ್ದೆ. ಅಪ್ಪ ಗಾಜಿನ ಹತ್ತಿರ ಮುಖ ಇಟ್ಟು ಜಾಡಿಯನ್ನೇ ನೋಡುತ್ತಿದ್ದರು. "ಮಾಡಿದವನು ಗೊನೆಯನ್ನ ಸರಿಯಾಗಿ ನೋಡಿದಾನೆ" ಅಂದರು.

ಎರಡನೇ ದಿನ: ಗೊಂಬೋರಿ ದಾಟಿ ತೆಲಾವಿಗೆ

ಕಾಖೇತಿ ಜಾರ್ಜಿಯಾದ ಪೂರ್ವದ ಪ್ರಾಂತ್ಯ. ದೇಶದ ವೈನ್ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಬೆಳೆಯುವುದು ಅಲ್ಲೇ. ಗೊಂಬೋರಿ ಎಂಬ ಘಾಟಿ ಹತ್ತಿ ಇಳಿದರೆ ತೆಲಾವಿ ಪೇಟೆ. ಘಾಟಿಯ ನೆತ್ತಿ 1600 ಮೀಟರಿಗೂ ಮೇಲೆ, ಕಾಡು ದಟ್ಟ, ತಿರುವುಗಳಲ್ಲಿ ಅಪ್ಪನಿಗೆ ಹೊಟ್ಟೆ ತೊಳಸಿತು. ಕೆಳಗಿಳಿದಾಗ ಅಲಜಾನಿ ಕಣಿವೆ ಕಂಡಿತು. ಈ ತುದಿಯಿಂದ ಆ ತುದಿವರೆಗೆ ದ್ರಾಕ್ಷಿ, ಅದರಾಚೆ ಗೋಡೆ ಎದ್ದ ಹಾಗೆ ಕಾಕಸಸ್ ಪರ್ವತ. ಮುಂದೆ ಟ್ರ್ಯಾಕ್ಟರುಗಳು, ಹಳೆಯ ಲಾರಿಗಳು, ಕಾರಿನ ಡಿಕ್ಕಿ ತೆರೆದು ಕ್ರೇಟು ಕಟ್ಟಿಕೊಂಡವರು. ಎಲ್ಲದರಲ್ಲೂ ಹಣ್ಣು. ರಸ್ತೆಯೇ ಸಿಹಿ ವಾಸನೆ.

ತೆಲಾವಿ ಹತ್ತಿರದ ವಾರ್ದಿಸುಬಾನಿಯಲ್ಲಿ ಕ್ವೆವ್ರಿ ಮಾಡುವ ಕುಂಬಾರರಿದ್ದಾರೆ. ಕ್ವೆವ್ರಿ ಅಂದರೆ ಮೊಟ್ಟೆಯ ಆಕಾರದ ದೊಡ್ಡ ಮಣ್ಣಿನ ಗುಡಾಣ. ಕತ್ತಿನವರೆಗೂ ನೆಲದಲ್ಲಿ ಹೂಳುತ್ತಾರೆ. ಅದರೊಳಗೇ ದ್ರಾಕ್ಷಿ ಹುದುಗುತ್ತದೆ, ಅಲ್ಲೇ ವೈನಾಗಿ ಮಲಗುತ್ತದೆ. ಈ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುಂಬಾರರ ಶೆಡ್ಡಿನಲ್ಲಿ ಅರ್ಧ ಆದ ಐದಾರು ಕ್ವೆವ್ರಿ ನಿಂತಿದ್ದವು. ಚಕ್ರ ಇಲ್ಲ. ತೊಡೆ ದಪ್ಪದ ಮಣ್ಣಿನ ಸುರುಳಿ ಹಿಡಿದು ಕುಂಬಾರನೇ ಗುಡಾಣದ ಸುತ್ತ ಸುತ್ತುತ್ತಾನೆ. ಎಡಗೈ ಒಳಗೆ, ಬಲಗೈ ಹೊರಗೆ. ಹೆಬ್ಬೆರಳಿನಿಂದ ಒತ್ತುತ್ತಾ, ಅಂಗೈಯಿಂದ ಸವರುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾನೆ. ದಿನಕ್ಕೆ ಒಂದು ಗೇಣಿಗಿಂತ ಜಾಸ್ತಿ ಏರಿಸುವುದಿಲ್ಲ. ಕೆಳಗಿನದು ಆರದೆ ಮೇಲಿನ ಭಾರ ಹೊರಲಾರದು. ದೊಡ್ಡದೊಂದು ನಿಲ್ಲಲು ತಿಂಗಳುಗಳೇ ಬೇಕು. ಆಮೇಲೆ ಒಲೆಯ ಬಾಯಿ ಇಟ್ಟಿಗೆಯಿಂದ ಮುಚ್ಚಿ ಸುಮಾರು ಒಂದು ವಾರ ಸೌದೆ ಬೆಂಕಿ. ಹೊರಗೆ ತೆಗೆದು ಇನ್ನೂ ಬಿಸಿ ಇರುವಾಗಲೇ ಒಳಮೈಗೆ ಜೇನುಮೇಣ ಸವರುತ್ತಾರೆ. ಮೇಣ ಮಣ್ಣಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ.

ಅಪ್ಪ ಕುಂಬಾರನನ್ನು ನೋಡಲಿಲ್ಲ, ಗುಡಾಣದ ಬಾಯಿಯೊಳಗೆ ಬಗ್ಗಿ ನೋಡಿದರು. "ಇದು ಹಗೇವು" ಅಂದರು.

ಹಳೇ ಮೈಸೂರು ಕಡೆಯವರಿಗೆ ಹಗೇವು ಗೊತ್ತಿರುತ್ತದೆ. ನೆಲದೊಳಗೆ ತೋಡಿದ ರಾಗಿ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಮುಚ್ಚಿ ಮಣ್ಣು ಹಾಕಿದರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ನಮ್ಮ ತಾತ ಮೊದಲು ದೀಪ ಇಳಿಸಿ ನೋಡುತ್ತಿದ್ದರಂತೆ. ಆರಿದರೆ ಕಾಯಬೇಕು. ನಾನು ಇದನ್ನು ಹೇಳಿದಾಗ ಕುಂಬಾರ ಜೋರಾಗಿ ತಲೆಯಾಡಿಸಿದ. ಕ್ವೆವ್ರಿಯಲ್ಲಿ ದ್ರಾಕ್ಷಿ ಹುದುಗುವಾಗಲೂ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅವರೂ ಮುಚ್ಚಿದ ನೆಲಮಾಳಿಗೆಗೆ ಹುಷಾರಾಗಿ ಇಳಿಯುತ್ತಾರೆ.

ಆ ದಿನ ತೆಲಾವಿಯ ಹಳೇ ಚಿನಾರ್ ಮರ ನೋಡಿದೆವು. ಸುಮಾರು 900 ವರ್ಷದ್ದು ಅನ್ನುತ್ತಾರೆ. ರಾತ್ರಿ ಹೊತ್ತಿಗೆ ಹಳ್ಳಿ ಸೇರಿದೆವು.

ಮೂರನೇ ದಿನ: ರ್ತ್ವೇಲಿ

ರ್ತ್ವೇಲಿ ಅಂದರೆ ದ್ರಾಕ್ಷಿ ಸುಗ್ಗಿ. ನಾವು ಉಳಿದುಕೊಂಡ ಮನೆ ಒಂದು ರೈತ ಕುಟುಂಬದ್ದು. ಯಜಮಾನರಿಗೆ 70 ದಾಟಿದೆ. ಮೊಮ್ಮಗಳು ಅವರನ್ನು ಬಾಬುವಾ ಅನ್ನುತ್ತಿದ್ದಳು, ಅಂದರೆ ತಾತ. ನಾವೂ ಹಾಗೇ ಕರೆದೆವು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಬಾಬುವಾ ಹೇಳಿದ್ದು ಅವಳ ಬಾಯಿಂದ ನನಗೆ, ನನ್ನಿಂದ ಅಪ್ಪನಿಗೆ. ಎರಡು ಗಂಟೆಯಾದ ಮೇಲೆ ನಮ್ಮಿಬ್ಬರ ಅಗತ್ಯ ಅವರಿಗೆ ಅಷ್ಟಾಗಿ ಬೀಳಲಿಲ್ಲ.

ಬೆಳಗ್ಗೆ ಎಂಟಕ್ಕೆ ತೋಟ. ನೆಂಟರು, ಅಕ್ಕಪಕ್ಕದವರು ಸೇರಿ ಇಪ್ಪತ್ತು ಜನ. ಕೂಲಿ ಲೆಕ್ಕ ಇಲ್ಲ, ಇವತ್ತು ಇವರ ತೋಟ, ನಾಳೆ ಅವರದ್ದು. ನಮ್ಮ ಕಡೆಯ ಮುಯ್ಯಾಳು ಪದ್ಧತಿಯ ಹಾಗೆ. ಬಳ್ಳಿಗೆ ಇಲ್ಲಿ ಚಪ್ಪರ ಇಲ್ಲ, ಸೊಂಟದೆತ್ತರದ ತಂತಿ ಬೇಲಿ. ಕತ್ತು ಬಗ್ಗಿಸಿ ಕೊಯ್ಯಬೇಕು. ಅಪ್ಪ ತಮ್ಮ ಕತ್ತರಿಯನ್ನು ಊರಿಂದಲೇ ತಂದಿದ್ದರು, ಅದು ನನಗೇ ಗೊತ್ತಿರಲಿಲ್ಲ.

ಮೊದಲು ಅಪ್ಪ ಒಂದು ಎಲೆ ಕಿತ್ತು ತಿರುಗಿಸಿ ನೋಡಿದರು. ಎಲೆ ಮೇಲೆ ತಿಳಿ ನೀಲಿ ಕಲೆ. ಬೆರಳಿಂದ ಉಜ್ಜಿ ಬಾಬುವಾಗೆ ತೋರಿಸಿದರು. ಬಾಬುವಾ ಮನೆಯೊಳಗಿಂದ ಒಂದು ಚೀಲ ತಂದರು. ಒಳಗೆ ನೀಲಿ ಹರಳು. ಮೈಲುತುತ್ತ! ಮೈಲುತುತ್ತ, ಸುಣ್ಣ ಸೇರಿಸಿ ಬಳ್ಳಿಯ ಬೂಷ್ಟು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ನಮ್ಮ ತೋಟದಲ್ಲೂ ಮಳೆಗಾಲದಲ್ಲಿ ಹೊಡೆಯುವುದು ಅದನ್ನೇ. ಇಬ್ಬರೂ ಬೆರಳಲ್ಲಿ ಲೆಕ್ಕ ತೋರಿಸಿಕೊಂಡರು, ಎಷ್ಟು ಸಲ ಹೊಡೀತೀರ ಅಂತ. ವರ್ಷಕ್ಕೆ ಎಷ್ಟು ಬೆಳೆ ಅನ್ನುವ ಮಾತು ಬಂದಾಗ ಅಪ್ಪ ಎರಡು ಬೆರಳೆತ್ತಿದರು. ಬಾಬುವಾ ನಂಬಲಿಲ್ಲ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೆ ಒಂದೇ ಬೆಳೆ. "ಬಳ್ಳಿ ಯಾವಾಗ ಮಲಗುತ್ತೆ ಹಾಗಾದ್ರೆ?" ಎಂದು ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಲಗಲ್ಲ ಅಂತ ಹೇಳು" ಅಂದರು.

ಕೊಯ್ದಿದ್ದು ರ್ಕತ್ಸಿತೇಲಿ. ಹೆಸರಿನ ಅರ್ಥ ಕೆಂಪು ಕಾಂಡ. ಹಣ್ಣು ಬಿಳಿ, ಬಿಸಿಲಿಗೆ ಬಿದ್ದ ಕಡೆ ತಾಮ್ರದ ಬಣ್ಣ. ಬೀಜ ಕಡಿದು ನೋಡಿ ಬಾಬುವಾ ಹಣ್ಣಾಗಿದೆ ಅಂದರು. ಹಸಿರು ಬೀಜ ಕಹಿ, ಕಂದು ಬೀಜ ಹುರಿದ ಕಡಲೆಯ ಹಾಗೆ. ಅಪ್ಪನೂ ಕಡಿದು ನೋಡಿದರು. ಇಷ್ಟು ವರ್ಷ ಬೀಜ ಉಗಿದೇ ಗೊತ್ತು ಅಂದರು.

ಮಧ್ಯಾಹ್ನ ಮರಾನಿಗೆ ಹೋದೆವು. ಮರಾನಿ ಅಂದರೆ ವೈನ್ ಮನೆ. ತಂಪು ನೆಲ, ನೆಲದಲ್ಲಿ ಏಳು ಬಾಯಿ. ಮೂಲೆಯಲ್ಲಿ ಒಂದೇ ಮರ ಕೊರೆದು ಮಾಡಿದ ದೋಣಿಯಂಥ ತೊಟ್ಟಿ. ಅದಕ್ಕೆ ಸತ್ಸ್ನಖೇಲಿ ಅನ್ನುತ್ತಾರೆ. ಹಣ್ಣನ್ನು ಅದರಲ್ಲಿ ಸುರಿದು ಕಾಲು ತೊಳೆದುಕೊಂಡು ತುಳಿಯುವುದು. ನಾನೂ ಇಳಿದೆ. ಮೊದಲು ತಣ್ಣಗೆ, ಆಮೇಲೆ ಕಾಲ್ಬೆರಳ ಸಂದಿಯಲ್ಲಿ ಒಂದೊಂದೇ ಕಾಳು ಟಪ್ ಎಂದು ಒಡೆಯುವುದು ಗೊತ್ತಾಗುತ್ತದೆ. ಕಾಲಾದರೆ ಬೀಜ ಜಜ್ಜುವುದಿಲ್ಲ. ಜಜ್ಜಿದರೆ ಕಹಿ ಬಿಡುತ್ತದೆ. ಕೆಳಗಿನ ತೂತಿನಿಂದ ರಸ ಹರಿದು ನೇರ ಕ್ವೆವ್ರಿಗೆ ಬಿತ್ತು. ಹಿಂದೆಯೇ ಸಿಪ್ಪೆ, ಬೀಜ, ತೊಟ್ಟುಗಳನ್ನೂ ಹಾಕಿದರು.

ಇದೇ ಕಾಖೇತಿಯ ಗುಟ್ಟು. ಬೇರೆ ಕಡೆ ಬಿಳಿ ವೈನಿಗೆ ರಸ ಮಾತ್ರ ತೆಗೆದು ಸಿಪ್ಪೆ ಬಿಸಾಡುತ್ತಾರೆ. ಇಲ್ಲಿ ಐದಾರು ತಿಂಗಳು ಸಿಪ್ಪೆಯ ಜೊತೆಗೇ ಬಿಡುತ್ತಾರೆ. ಯೀಸ್ಟ್ ಹೊರಗಿನಿಂದ ಹಾಕುವುದಿಲ್ಲ, ಹಣ್ಣಿನ ಮೈಮೇಲಿರುವುದೇ ಸಾಕು. ಹುದುಗುವಾಗ ಸಿಪ್ಪೆ ಮೇಲಕ್ಕೆ ತೇಲಿ ಗಟ್ಟಿಯಾಗುತ್ತದೆ. ಅದನ್ನು ದಿನಕ್ಕೆ ನಾಲ್ಕೈದು ಸಲ ಕೋಲಿನಿಂದ ಒತ್ತಿ ಕೆಳಗಿಳಿಸಬೇಕು. ಹುದುಗು ನಿಂತ ಮೇಲೆ ಸಿಪ್ಪೆ ತಾನಾಗಿ ಇಳಿಯುತ್ತದೆ. ಬೀಜ ಮೊಟ್ಟೆಯ ಚೂಪು ತುದಿಗೆ ಹೋಗಿ ಕೂರುತ್ತದೆ, ಅದರ ಮೇಲೆ ಗಸಿ, ಅದರ ಮೇಲೆ ಸಿಪ್ಪೆ. ತಿಳಿಯಾದ ವೈನ್ ಮೇಲೆ. ಆಗ ಮುಚ್ಚಳ ಇಟ್ಟು ಜೇಡಿ ಮೆತ್ತಿದರೆ ತೆರೆಯುವುದು ವಸಂತ ಬಂದ ಮೇಲೆ. ವರ್ಷವಿಡೀ ನೆಲವೇ ತಂಪು ಕಾಯುತ್ತದೆ.

ಜಾರ್ಜಿಯಾದ ವೈನೆಲ್ಲ ಹೀಗೇ ಆಗುತ್ತದೆ ಎಂದುಕೊಳ್ಳಬೇಡಿ. ಕಾರ್ಖಾನೆಗಳಲ್ಲಿ ಸ್ಟೀಲ್ ಟ್ಯಾಂಕಿನ ವೈನೇ ಜಾಸ್ತಿ. ಕ್ವೆವ್ರಿ ಉಳಿದದ್ದು ಮುಖ್ಯವಾಗಿ ಇಂಥ ಮನೆಗಳಿಂದ.

ಸಂಜೆ ಬಾಬುವಾ ಹೋದ ವರ್ಷದ ಕ್ವೆವ್ರಿಯ ಮುಚ್ಚಳ ಸರಿಸಿದರು. ಉದ್ದ ಕೋಲಿನ ತುದಿಗೆ ಒಣ ಬುರುಡೆ ಕಟ್ಟಿದ ಸೌಟು. "ಸೋರೆ ಬುರುಡೆ!" ಅಂದರು ಅಪ್ಪ. ಹೌದು, ಸೋರೆ ಬುರುಡೆಯೇ. ಅಲ್ಲಿ ಅದಕ್ಕೆ ಓರ್ಶಿಮೋ ಅನ್ನುತ್ತಾರೆ. ಅದರಲ್ಲಿ ಎತ್ತಿದ ವೈನನ್ನು ಮಣ್ಣಿನ ಬಟ್ಟಲಿಗೆ ಸುರಿದು ಅಪ್ಪನ ಕೈಗೆ ಕೊಟ್ಟರು.

ಬಣ್ಣ ತೆಳು ಜೇನುತುಪ್ಪದ್ದು. ಅಪ್ಪ ಮೂಗು ಹತ್ತಿರ ಇಟ್ಟರು. ಒಣಗಿದ ಕಿತ್ತಳೆ ಸಿಪ್ಪೆ, ಅಕ್ರೋಟು, ಎಲ್ಲೋ ಸ್ವಲ್ಪ ಹೊಗೆ. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡರು. ನಾನು ಉಸಿರು ಹಿಡಿದಿದ್ದೆ.

"ಒಗರು" ಅಂದರು. "ಚೆನ್ನಾಗಿದೆ. ಅಡಿಕೆ ಅಗಿದ ಮೇಲೆ ಇರುತ್ತಲ್ಲ, ಹಾಗೆ."

ಟ್ಯಾನಿನ್ ಅಂದರೇನು ಎಂದು ತಿಳಿಯಲು ನಾನು ದುಡ್ಡು ಕೊಟ್ಟು ಕ್ಲಾಸಿಗೆ ಹೋಗಿದ್ದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಮೊದಲಿಂದಲೂ ಮಾತಿದೆ. ಬಾಳೆಕಾಯಿ, ನೆಲ್ಲಿಕಾಯಿ, ನೇರಳೆ ಹಣ್ಣು, ಕಡಕ್ ಟೀ ಎಲ್ಲದರಲ್ಲೂ ನಮ್ಮ ನಾಲಿಗೆ ಆ ಒಗರನ್ನು ಬಲ್ಲದು. ಇಂಥ ನಾಲಿಗೆಗೆ ಕ್ವೆವ್ರಿ ವೈನ್ ಬೇಗ ಹೊಂದುತ್ತದೆ ಎಂದು ನನ್ನ ನಂಬಿಕೆ.

ರಾತ್ರಿ ಸುಪ್ರಾ, ಅಂದರೆ ಔತಣ. ಬದನೆಕಾಯಿಯೊಳಗೆ ಅಕ್ರೋಟಿನ ಚಟ್ನಿ, ಲೋಬಿಯೋ ಎಂಬ ಹುರುಳಿಕಾಯಿ ಬೀಜದ ಸಾರು, ತಂದೂರಿನಂಥ ಒಲೆಯ ಬ್ರೆಡ್ಡು. ಬ್ರೆಡ್ಡಿಗೆ ಅಲ್ಲಿ ಪುರಿ ಅನ್ನುತ್ತಾರೆ. ಮಾಂಸ ಸುಟ್ಟಿದ್ದು ಬಳ್ಳಿಯ ಕಡ್ಡಿಯ ಕೆಂಡದಲ್ಲಿ. ಪ್ರೂನಿಂಗ್ ಮಾಡಿದ ಕಡ್ಡಿಯನ್ನು ಕಟ್ಟು ಕಟ್ಟಿ ವರ್ಷವಿಡೀ ಇಟ್ಟಿರುತ್ತಾರೆ. ನಮ್ಮಲ್ಲಿ ಅದನ್ನು ಬದುವಿಗೆ ಹಾಕಿ ಸುಡುತ್ತೇವೆ. ಅಪ್ಪ ಹಂದಿ ತಿನ್ನಲ್ಲ ಎಂದು ಮೊದಲೇ ಹೇಳಿದ್ದಕ್ಕೆ ಕೋಳಿ ಸುಟ್ಟಿದ್ದರು.

ಸುಪ್ರಾದಲ್ಲಿ ಸುಮ್ನೆ ಕುಡಿಯುವ ಹಾಗಿಲ್ಲ. ತಮಾದಾ, ಅಂದರೆ ಔತಣ ನಡೆಸುವ ಹಿರಿಯ, ಎದ್ದು ಮಾತಾಡಬೇಕು, ಆಮೇಲೆ ಎಲ್ಲರೂ "ಗೌಮರ್ಜೋಸ್" ಎಂದು ಲೋಟ ಎತ್ತಬೇಕು. ದೇವರಿಗೆ, ನೆಲಕ್ಕೆ, ತೀರಿಹೋದವರಿಗೆ, ಮಕ್ಕಳಿಗೆ. ತೀರಿಹೋದವರ ಸರದಿಯಲ್ಲಿ ಬಾಬುವಾ ತಮ್ಮ ಅಪ್ಪನ ಬಗ್ಗೆ ಹೇಳಿದರು. ಸೋವಿಯತ್ ಕಾಲದಲ್ಲಿ ತೋಟ ಸರ್ಕಾರದ್ದು. ಎಷ್ಟು ಟನ್ ಅನ್ನುವುದೊಂದೇ ಲೆಕ್ಕ. ಮನೆ ಹಿಂದಿನ ನಾಲ್ಕು ಸಾಲು ಮಾತ್ರ ಸ್ವಂತದ್ದು. ಅದನ್ನೇ ಅವರಪ್ಪ ಈ ಕ್ವೆವ್ರಿಗಳಿಗೆ ತುಂಬುತ್ತಿದ್ದರು. 1985ರಲ್ಲಿ ಗೋರ್ಬಚೇವ್ ಮದ್ಯದ ವಿರುದ್ಧ ಅಭಿಯಾನ ಶುರು ಮಾಡಿದಾಗ ಎಷ್ಟೋ ಕಡೆ ಬಳ್ಳಿಗಳನ್ನೇ ಕಿತ್ತರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಷೇಧಿಸಿತು. ಆವರೆಗೆ ವೈನ್ ಹೆಚ್ಚಾಗಿ ಹೋಗುತ್ತಿದ್ದುದೇ ಅಲ್ಲಿಗೆ. ನಿಷೇಧ ತೆಗೆದದ್ದು 2013ರಲ್ಲಿ. ನಿಷೇಧದ ಮೊದಲ ವರ್ಷ ಹಣ್ಣು ಕೇಳುವವರೇ ಇರಲಿಲ್ಲ ಎಂದರು ಬಾಬುವಾ. ನಾನು ಅನುವಾದ ಮಾಡುವ ಮುಂಚೆಯೇ ಅಪ್ಪನಿಗೆ ಅರ್ಥವಾಗಿತ್ತು. ಕೈ ಹೇಳುತ್ತಿತ್ತು.

ಅಪ್ಪನೂ ಹೇಳಿದರು. 2020ರ ಲಾಕ್‌ಡೌನ್. ಚಪ್ಪರದ ತುಂಬ ಹಣ್ಣು, ಲಾರಿ ಇಲ್ಲ, ಮಾರ್ಕೆಟ್ ಇಲ್ಲ. ಗೊನೆ ಬಳ್ಳಿಯಲ್ಲೇ ಕೊಳೆತು ಜೇನುನೊಣ ಮುತ್ತಿದ್ದವು. "ಹದಿನೈದು ದಿನ ತೋಟದ ಕಡೆ ಹೋಗ್ಲಿಲ್ಲ ನಾನು" ಅಂದರು. ಇದನ್ನು ಅವರು ನಮ್ಮ ಹತ್ತಿರ ಯಾವತ್ತೂ ಹೇಳಿರಲಿಲ್ಲ. ಆ ಎರಡು ವಾರ ದಿನಾ ಬೆಳಗ್ಗೆ ಮನೆಯಿಂದ ಹೋಗುತ್ತಿದ್ದರಲ್ಲ, ಎಲ್ಲಿಗೆ ಹೋಗುತ್ತಿದ್ದರೋ.

ಕೊನೆಗೆ ತಮಾದಾ ಅಪ್ಪನನ್ನು ಎಬ್ಬಿಸಿದರು, ಅತಿಥಿ ಮಾತಾಡಬೇಕು. ಅಪ್ಪ ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಕನ್ನಡದಲ್ಲೇ ಹೇಳಿದರು: "ಮಳೆ ಹೊತ್ತಿಗೆ ಬರಲಿ. ಆಲಿಕಲ್ಲು ಬೀಳದೆ ಇರಲಿ." ಕಾಖೇತಿ ಆಲಿಕಲ್ಲಿನ ಸೀಮೆ. ಮೋಡಕ್ಕೆ ರಾಕೆಟ್ ಹಾರಿಸಿ ಆಲಿಕಲ್ಲು ತಡೆಯುವ ವ್ಯವಸ್ಥೆಯನ್ನೇ ಇಟ್ಟುಕೊಂಡಿದ್ದಾರೆ. ಮೊಮ್ಮಗಳು ಅನುವಾದಿಸಿದಾಗ ಮೇಜಿನ ಸುತ್ತ ಇದ್ದವರೆಲ್ಲ ಎದ್ದು ನಿಂತರು. ಬಾಬುವಾ ಬಟ್ಟಲನ್ನು ಒಂದೇ ಉಸಿರಿಗೆ ಬರಿದು ಮಾಡಿದರು.

ನಾಲ್ಕನೇ ದಿನ: ಅಲವೆರ್ದಿ, ತ್ಸಿನಂದಾಲಿ

ಅಲವೆರ್ದಿ ಮಠದ ಚರ್ಚು 11ನೇ ಶತಮಾನದ್ದು. ಬಯಲಿನ ನಡುವೆ ಒಂಟಿಯಾಗಿ 50 ಮೀಟರಿಗಿಂತ ಎತ್ತರ ನಿಂತಿದೆ. ಅಲ್ಲಿಯ ಸನ್ಯಾಸಿಗಳು ಈಗಲೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಬಾಟಲಿಯ ಮೇಲೆ 1011ರಿಂದ ಎಂದು ಬರೆದಿರುತ್ತದೆ. ಸೋವಿಯತ್ ಕಾಲದಲ್ಲಿ ನಿಂತುಹೋಗಿದ್ದ ಮರಾನಿಯನ್ನು ಈ ಶತಮಾನದಲ್ಲಿ ಮತ್ತೆ ಎಬ್ಬಿಸಿದ್ದಾರೆ. ಸುಗ್ಗಿಯ ಕಾಲವಾದ್ದರಿಂದ ನಮಗೆ ಒಳಗೆ ಬಿಡಲಿಲ್ಲ. ಕಪ್ಪು ನಿಲುವಂಗಿಯ ತೋಳು ಮಡಚಿದ ಸನ್ಯಾಸಿಯೊಬ್ಬರು ಬಕೆಟ್ ತೊಳೆಯುತ್ತಿದ್ದದ್ದು ಬಾಗಿಲ ಸಂದಿಯಿಂದ ಕಂಡಿತು. ಅಷ್ಟು ಸಾಕಾಯಿತು.

ತ್ಸಿನಂದಾಲಿ ಕವಿ ಅಲೆಕ್ಸಾಂಡರ್ ಚಾವ್‌ಚಾವಾದ್ಝೆಯವರ ಬಂಗಲೆ. ಯುರೋಪಿನ ಪದ್ಧತಿಯ ವೈನನ್ನು ಜಾರ್ಜಿಯಾಕ್ಕೆ ತಂದವರು ಅವರು. ನೆಲಮಾಳಿಗೆಯಲ್ಲಿ ಸಪೆರಾವಿ ಎಂಬ ಕಪ್ಪು ದ್ರಾಕ್ಷಿಯ 1841ರ ವೈನ್ ಬಾಟಲಿ ಇದೆ. ತೋಟ ಚೆನ್ನಾಗಿದೆ. ಅಪ್ಪನಿಗೆ ಬೇಜಾರು ಬಂತು, ಬಾಬುವಾ ಮನೆಗೆ ಹೋಗೋಣ ಅಂದರು. ದಾರಿಯಲ್ಲಿ ಒಂದು ದೊಡ್ಡ ಟೇಸ್ಟಿಂಗ್ ಹಾಲಿಗೆ ಹೊಕ್ಕೆವು. ಹತ್ತು ನಿಮಿಷದಲ್ಲಿ ಆರು ಲೋಟ ಕೊಟ್ಟು, ಬಿಲ್ಲು ಕೊಟ್ಟು, ಮುಂದಿನ ಬಸ್ಸಿನವರನ್ನು ಕರೆದರು. ಆ ಆರರಲ್ಲಿ ಒಂದರ ರುಚಿಯೂ ನೆನಪಿಲ್ಲ.

ಐದನೇ ದಿನ: ಮರಾನಿ, ಆಮೇಲೆ ಸಿಗ್ನಾಘಿ

ಬೆಳಗಿನ ಐದಕ್ಕೆ ಎಚ್ಚರವಾದಾಗ ಅಪ್ಪನ ಹಾಸಿಗೆ ಖಾಲಿ. ಅಂಗಳದಾಚೆ ಮರಾನಿಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲು ಪೂರ್ತಿ ತೆರೆದಿಟ್ಟಿದ್ದರು.

ಅಪ್ಪ ಕ್ವೆವ್ರಿಯ ಬಾಯಿಯ ಪಕ್ಕ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಅಡ್ಡ ಹಲಗೆ ಇರುವ ಉದ್ದ ಕೋಲು. ಎದುರಿಗೆ ಬಾಬುವಾ. ಹುದುಗು ಶುರುವಾಗಿತ್ತು. ಸಿಪ್ಪೆಯ ಹೊದಿಕೆ ಒಂದು ಗೇಣು ಮೇಲೆದ್ದಿತ್ತು. ಅಪ್ಪ ಕೋಲಿನಿಂದ ಮೆಲ್ಲಗೆ ಒತ್ತಿದಾಗ ಅದು ತಡೆದು, ಬಿರಿದು, ಗುಳ್ ಎಂದು ಇಳಿಯಿತು. ಕೆಳಗಿನಿಂದ ನೊರೆ ಉಕ್ಕಿತು. ಹಸಿ ಹಿಟ್ಟಿನ, ಸೇಬಿನ ವಾಸನೆ. ಗಾಳಿ ಮೂಗಿಗೆ ಚುರ್ ಅಂದಿತು. ಬಾಬುವಾ ಅಪ್ಪನ ಭುಜ ಹಿಡಿದು ಸ್ವಲ್ಪ ಹಿಂದಕ್ಕೆ ಎಳೆದರು, ಮುಖ ಬಗ್ಗಿಸಬೇಡ ಅಂತ.

ಆಮೇಲೆ ಇಬ್ಬರೂ ಕೈ ಕಟ್ಟಿ ಕೂತು ಕೇಳಿದರು. ನೆಲದೊಳಗಿನಿಂದ ಸದ್ದು ಬರುತ್ತಿತ್ತು. ಸಣ್ಣಗೆ, ಎಡೆಬಿಡದೆ. ಹೆಂಚಿನ ಮೇಲೆ ಬೀಳುವ ಜಡಿಮಳೆಯ ಸದ್ದು. ಅಪ್ಪ ನನ್ನ ಕಡೆ ತಿರುಗಿ, "ಉಸಿರಾಡ್ತಿದೆ ನೋಡಮ್ಮ" ಅಂದರು. ದೋಸೆ ಹಿಟ್ಟು ಉಕ್ಕುವುದನ್ನು ನಾವು ದಿನಾ ನೋಡುತ್ತೇವೆ, ಅಲ್ವಾ? ಇದೂ ಅದೇ ಕೆಲಸ. ಆದರೆ ಅಷ್ಟು ದೊಡ್ಡ ಗುಡಾಣ, ಅಷ್ಟು ಹಣ್ಣು, ನೆಲದ ಅಡಿಯಿಂದ ಬರುವ ಆ ಸದ್ದು ಕೇಳಿದಾಗ ಮೈ ಜುಂ ಎಂದಿತು. ನನ್ನ ಹಣ್ಣು ಕೊಯ್ದು ಲಾರಿಗೆ ಹಾಕಿದ ಮೇಲೆ ಸತ್ತಂತೆ ಅಂದುಕೊಂಡಿದ್ದೆ ಎಂದು ಅಪ್ಪ ಆಮೇಲೆ ಕಾರಿನಲ್ಲಿ ಹೇಳಿದರು.

ಹೊರಡುವಾಗ ಬಾಬುವಾ ಅಪ್ಪನಿಗೆ ಏನೂ ಕೊಡಲಿಲ್ಲ, ಅಪ್ಪನೂ ಕೊಡಲಿಲ್ಲ. ಗೇಟಿನ ಹತ್ತಿರದ ಸಪೆರಾವಿ ಬಳ್ಳಿಯಿಂದ ಒಂದು ಕಾಳು ಕಿತ್ತು ಅಪ್ಪನ ಅಂಗೈಯಲ್ಲಿ ಹಿಸುಕಿ ತೋರಿಸಿದರು. ಸಪೆರಾವಿಯ ಹೆಸರಿನಲ್ಲೇ ಬಣ್ಣ ಇದೆ. ಹೆಚ್ಚಿನ ಕಪ್ಪು ದ್ರಾಕ್ಷಿಯ ತಿರುಳು ಬೆಳ್ಳಗಿರುತ್ತದೆ, ಇದರದು ಒಳಗೂ ಕೆಂಪು. ಅಂಗೈ ನೇರಳೆ ಹಣ್ಣು ತಿಂದ ನಾಲಿಗೆಯ ಹಾಗಾಯಿತು.

ಸಿಗ್ನಾಘಿ ಬೆಟ್ಟದ ತುದಿಯ ಊರು. 18ನೇ ಶತಮಾನದ ಕೋಟೆ ಗೋಡೆ, 23 ಬುರುಜು, ಕೆಳಗೆ ಪೂರ್ತಿ ಕಣಿವೆ. ಹತ್ತಿರದ ಬೋದ್ಬೆಯಲ್ಲಿ ಸಂತ ನೀನೋ ಸಮಾಧಿ ಇದೆ. ಜಾರ್ಜಿಯಾಕ್ಕೆ ನಾಲ್ಕನೇ ಶತಮಾನದಲ್ಲಿ ಕ್ರೈಸ್ತ ಧರ್ಮ ತಂದ ಹೆಂಗಸು. ಆಕೆಯ ಶಿಲುಬೆ ದ್ರಾಕ್ಷಿ ಬಳ್ಳಿಯದು, ತನ್ನ ಕೂದಲಿನಿಂದಲೇ ಕಟ್ಟಿದ್ದಳು ಎಂದು ಹೇಳುತ್ತಾರೆ. ಅದಕ್ಕೇ ಅಲ್ಲಿಯ ಶಿಲುಬೆಯ ಅಡ್ಡ ಕಡ್ಡಿ ಎರಡೂ ಕಡೆ ಇಳಿಬಿದ್ದಿರುತ್ತದೆ. "ಹಸಿ ಕಡ್ಡಿ ಬಾಗುತ್ತಲ್ಲ" ಅಂದರು ಅಪ್ಪ. ಕೈ ಮುಗಿದರು.

ಆರನೇ ದಿನ: ವಾಪಸ್ಸು

ಟಿಬಿಲಿಸಿಗೆ ಬಂದು ಸಾಮಾನು ಕಟ್ಟಿದೆವು. ಎರಡು ಬಾಟಲಿ ರ್ಕತ್ಸಿತೇಲಿ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಅಮ್ಮನಿಗೆ ಚುರ್ಚ್‌ಖೇಲಾ. ವಿಮಾನದಲ್ಲಿ ಅಪ್ಪ ಅಂಗೈ ನೋಡಿಕೊಳ್ಳುತ್ತಿದ್ದರು. ಬಣ್ಣ ಇನ್ನೂ ಹೋಗಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಮೊಮ್ಮಗಳು ಒಂದು ವಿಡಿಯೊ ಕಳಿಸಿದಳು. ಬಾಬುವಾ ಕ್ವೆವ್ರಿಗೆ ಮುಚ್ಚಳ ಇಟ್ಟು ಸುತ್ತ ಜೇಡಿ ಮೆತ್ತುತ್ತಿದ್ದಾರೆ. ನಾನು ಊರಿಗೆ ಹೋಗಿ ಚಪ್ಪರದ ಕೆಳಗೆ ಅಪ್ಪನಿಗೆ ತೋರಿಸಿದೆ. ಕತ್ತರಿ ಕಂಕುಳಲ್ಲಿ ಇಟ್ಟುಕೊಂಡು ಎರಡು ಸಲ ನೋಡಿದರು.

"ಸಿಪ್ಪೆ ಪೂರ್ತಿ ಇಳಿದಿತ್ತಾ ಕೇಳು."

ಕೇಳಿದೆ. ಐದು ನಿಮಿಷಕ್ಕೆ ಉತ್ತರ ಬಂತು. ಇಳಿದಿತ್ತಂತೆ ಅಂದೆ. ಅಪ್ಪ ಹೂಂ ಎಂದು ಮತ್ತೆ ಕತ್ತೆತ್ತಿ ಬಳ್ಳಿಗೆ ಕೈ ಹಾಕಿದರು.